ಟವೆಲಿಲ್ಲದ ಬೆರಳು

ಕೋಲಾರದ ಮಂಡಿಯಲ್ಲಿ ಇಪ್ಪತ್ತೆಂಟು ವರ್ಷ
ಟೊಮ್ಯಾಟೊ ಕೂಗಿದವನು ನಾನು.
ಕೂಗು ಪಿಳ್ಳಪ್ಪ ಅಂದರೆ
ಚೆನ್ನೈ ಲಾರಿಯ ಕ್ಲೀನರೂ ಗುರುತು ಹಿಡೀತಿದ್ದ.
ಬಾಕ್ಸಿಗೆ ಮುನ್ನೂರು, ಮುನ್ನೂರ ಹತ್ತು, ಹತ್ತು, ಹತ್ತು...
ನನ್ನ ದನಿ ಶೀಟಿನ ಸೂರಿಗೆ ಬಡಿದು
ವಾಪಸು ಬರುವಾಗ
ಐದು ರೂಪಾಯಿ ಏರಿಸಿಕೊಂಡೇ ಬರೋದು.

ಆಮೇಲೆ ಗಂಟಲಲ್ಲಿ
ಕಲ್ಲುಸಕ್ಕರೆ ಚೂರಿನಷ್ಟು ಏನೋ.
ಕರಗಲಿಲ್ಲ.

ದೊಡ್ಡಾಸ್ಪತ್ರೆಯ ಮಂಚದ ಸುತ್ತ ನಿಂತು
ಎಲ್ಲರೂ ಒಂದೇ ರೇಟು ಕೂಗಿದರು:
ಏನೂ ಆಗಲ್ಲ, ಏನೂ ಆಗಲ್ಲ.
ಅಳಿಯ ಅಂದ, ಮಂಡಿ ಸಾಹುಕಾರ ಅಂದ,
ಪಕ್ಕದ ಮಂಚದ ಮಾಲೂರಿನ ಅಜ್ಜ
ತನ್ನ ಕೆಮ್ಮಿನ ನಡುವೆ ಬಿಡುವು ಮಾಡಿಕೊಂಡು ಅಂದ.
ಡಾಕ್ಟರು ಇಂಗ್ಲಿಷಿನಲ್ಲಿ ಏನೋ ಅಂದು
ಹಾಳೆ ತಿರುವಿ ಮುಂದಕ್ಕೆ ಹೋದರು.
ಅಷ್ಟು ವರ್ಷ ಸರಕು ಕೂಗಿದವನಿಗೆ ಗೊತ್ತಾಗಲ್ಲವೆ,
ಅಡಿಯಲ್ಲಿ ಕೊಳೆತದ್ದಿದ್ದಾಗ
ಮೇಲಿನ ಸಾಲು ಹೇಗೆ ಹೊಳೆಯುತ್ತೆ ಅಂತ?

ಅರುಳ್‌ಮೇರಿ ಸಿಸ್ಟರು ಬಂದದ್ದು ರಾತ್ರಿ ಪಾಳಿಗೆ.
ರಾಬರ್ಟ್‌ಸನ್‌ಪೇಟೆಯವರು. ಅವರ ಕನ್ನಡಕ್ಕೆ
ತಮಿಳಿನ ಒಂದು ತೂಗು.
ಸ್ಟೂಲು ಎಳೆದುಕೊಂಡು ಕೂತರು.
ಕೂತದ್ದೇ ಮೊದಲು ನನಗೆ ಸಮಾಧಾನ;
ಅಲ್ಲಿಯವರೆಗೆ ಎಲ್ಲರೂ ನಿಂತೇ ಮಾತಾಡಿದ್ದರು.

"ಅಣ್ಣ, ನಾಳೆ ಗಂಟಲೊಳಗೆ ಕೊಳವೆ ಇಳಿಸಿ
ಒಂದು ಚೂರು ತೆಗೀತಾರೆ.
ನಿಮಗೆ ಎಚ್ಚರ ಇರಲ್ಲ.
ಎದ್ದಮೇಲೆ ಉರಿಯುತ್ತೆ, ಎರಡು ದಿನ ಚೆನ್ನಾಗೇ ಉರಿಯುತ್ತೆ.
ಉಗುಳಲ್ಲಿ ಸ್ವಲ್ಪ ರಕ್ತ ಬಂದರೆ ಹೆದರಬೇಡಿ,
ಜಾಸ್ತಿ ಬಂದರೆ ಈ ಗಂಟೆ ಒತ್ತಿ.
ಐದು ದಿನ ಮಾತಿಲ್ಲ. ಪಿಸುಮಾತೂ ಇಲ್ಲ."
ಆಮೇಲೆ, "ಈಗ ನಾನು ಹೇಳಿದ್ದು ನೀವು ಹೇಳಿ" ಅಂದರು.
ಹೇಳಿದೆ. ರಕ್ತದ ಮಾತು ಬಿಟ್ಟಿದ್ದೆ.
ಬೈಯಲಿಲ್ಲ. ಅದೊಂದನ್ನೇ ಮತ್ತೆ ಹೇಳಿದರು.

ಅದು ಅದೇನಾ, ಕೇಳಿದೆ.
ಹೆಸರು ಹೇಳಲು ನನ್ನ ಬಾಯಿ ಬರಲಿಲ್ಲ.
ಅವರು ಹೆಸರು ಹಿಡಿದೇ ಹೇಳಿದರು:
"ಕ್ಯಾನ್ಸರ್ ಇರಬಹುದು, ಇಲ್ಲದೇ ಇರಬಹುದು.
ನನಗೆ ಗೊತ್ತಿಲ್ಲ.
ಗೊತ್ತಾದ ದಿನ ನಿಮಗೇ ಮೊದಲು ಹೇಳೋಕೆ
ಡಾಕ್ಟರಿಗೆ ಹೇಳ್ತೀನಿ, ನಿಮ್ಮ ಅಳಿಯನಿಗಲ್ಲ."

ಗೊತ್ತಿಲ್ಲ ಅನ್ನೋ ಮಾತು
ಇಷ್ಟು ಮೆತ್ತಗೆ ಇರುತ್ತೆ ಅಂತ
ನನಗೆ ಗೊತ್ತಿರಲಿಲ್ಲ.

ಮಾತಿಲ್ಲದ ಐದು ದಿನ ನನ್ನ ಕೈ ಹಿಡಿದು ಕೇಳಿದರು.
ಒಂದು ಸಲ ಅದುಮಿದರೆ ಹೌದು, ಎರಡು ಸಲ ಇಲ್ಲ.
ನೀರು ಬೇಕಾ? ನೋವು ನಿನ್ನೆಗಿಂತ ಕಮ್ಮಿಯಾ?
ಹೆದರಿಕೆನಾ?
(ಅದಕ್ಕೆ ಒಂದು ಸಲ ಅದುಮಿ ಬಿಡಲೇ ಇಲ್ಲ.
ಡ್ರಿಪ್ಪು ಖಾಲಿಯಾಗಿ ಬೇರೆ ಹಾಕೋವರೆಗೂ.)

ನಮ್ಮಪ್ಪ ದನದ ಪೇಟೆಯ ದಲ್ಲಾಳಿ.
ಟವೆಲಡಿ ಬೆರಳು ಹಿಡಿಯೋದು
ಅಕ್ಷರಕ್ಕಿಂತ ಮುಂಚೆ ಕಲಿತೆ.
ಎತ್ತಿನ ಯಜಮಾನ ಎದುರಲ್ಲೇ ನಿಂತಿರುತ್ತಿದ್ದ,
ಅವನ ಎತ್ತಿನ ಬೆಲೆ
ಅವನೊಬ್ಬನಿಗೇ ಕಾಣುತ್ತಿರಲಿಲ್ಲ.
ಬೆರಳಿಗೆ ಈ ಇನ್ನೊಂದು ಕೆಲಸವೂ ಉಂಟು ಅಂತ
ಐವತ್ತಾರಕ್ಕೆ ತಿಳಿಯಿತು.

ಒಂಬತ್ತನೇ ದಿನ. ಸ್ಟೂಲು ಎಳೆದ ಸದ್ದು.
ಡಾಕ್ಟರೂ ಕೂತರು, ಆಯಮ್ಮ ಕೂರಿಸಿದ್ದು.
ಹೌದು, ಅದೇ. ಮೊದಲ ಹಂತ.
ಬೆಂಗಳೂರಲ್ಲಿ ಆರು ವಾರ ಕರೆಂಟು.
ಜೀವಕ್ಕೆ ದಾರಿ ಇದೆ.
"ದನಿ?" ಅಂತ ಚೀಟಿಯಲ್ಲಿ ಬರೆದೆ.
ಡಾಕ್ಟರು ಸಿಸ್ಟರ ಮುಖ ನೋಡಿದರು.
"ಮಾತು ಬರುತ್ತೆ ಅಣ್ಣ. ಹಳೇ ಕೂಗು ಬರಲ್ಲ."

ಅತ್ತೆ. ಸುಮ್ಮನಿರು ಅನ್ನಲಿಲ್ಲ ಯಾರೂ.

ಈಗ ಮಂಡಿಯಲ್ಲಿ ತೂಕದ ಚೀಟಿ ಬರೀತೀನಿ.
ರೈತ ಬಗ್ಗಿ ಕಿವಿ ಕೊಡಬೇಕು, ನನ್ನ ದನಿ ಅಷ್ಟೇ.
ಎಷ್ಟು ಹೋಯ್ತು, ಕಮಿಷನ್ ಎಷ್ಟು, ಕೂಲಿ ಎಷ್ಟು,
ಒಂದೊಂದಾಗಿ ಹೇಳಿ,
"ಈಗ ನೀವು ಹೇಳಿ" ಅಂತೀನಿ.
ಸಾಹುಕಾರನಿಗೆ ಅಷ್ಟು ಸೇರಲ್ಲ.

ಮೊನ್ನೆ ಒಂದು ಬಾಕ್ಸು ಹೊತ್ತು ವಾರ್ಡಿಗೆ ಹೋದೆ.
ಥ್ಯಾಂಕ್ಸ್ ಅನ್ನೋದು ಗಂಟಲಲ್ಲೇ ಸಿಕ್ಕಿತು,
ಗಂಟಲ ತಪ್ಪಲ್ಲ ಅದು.
ಸಿಸ್ಟರು ಕೇಳಿದರು, "ಇವತ್ತು ರೇಟೆಷ್ಟು?"
ಕೈ ಹಿಡಿದು ಬೆರಳಲ್ಲೇ ಹೇಳಿದೆ,
ಟವೆಲಿಲ್ಲದೆ, ಎಲ್ಲರ ಎದುರು.
ಎಣಿಸಿ ಎಣಿಸಿ ತಪ್ಪು ಹೇಳಿ ನಕ್ಕರು.
ನಾನು ಮತ್ತೆ ಹೇಳಿಕೊಟ್ಟೆ,
ತಪ್ಪಿದ್ದನ್ನು ಮಾತ್ರ.